ಇಂಟರ್ವಲ್ ತನಕ

ಎರಡು ಸಾವಿರದ ಹನ್ನೆರಡರ ಆಷಾಢದಲ್ಲಿ ರಾಯಬಾಗದ ಒಂದು ಕಾಲೇಜಿಗೆ ಸಿನಿಮಾ ಹುಚ್ಚು ಹಿಡಿಯಿತು. ಹಿಡಿದದ್ದು ಹುಡುಗರಿಗಲ್ಲ, ಅವರಿಗೆ ಅದು ಮೊದಲಿನಿಂದಲೂ ಇತ್ತು. ಹಿಡಿದದ್ದು ಆಡಳಿತ ಮಂಡಳಿಗೆ. ಹನ್ನೊಂದು ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಅವುಗಳಿಗೆ ಆದದ್ದೆಂದರೆ ಎರಡು ಸಲ ಖಂಡೇನವಮಿಯ ಆಯುಧಪೂಜೆ. ತಪಾಸಣೆಗೆ ಬಂದವರು ಕೇಳಿದರೆ ಹೇಳಲು ಏನಾದರೂ ಇರಲಿ ಎಂದು ‘ಕಂಪ್ಯೂಟರಿನಲ್ಲಿ ಸಿನಿಮಾ ಬರವಣಿಗೆ’ ಎಂಬ ಹೊಸ ತರಗತಿಯ ನೋಟಿಸು ಅಂಟಿಸಿದರು.

ಪಾಠಕ್ಕೆ ನೇಮಿನಾಥ ಸರ್ ಬಂದರು. ಅವರು ಕನ್ನಡದ ಅಧ್ಯಾಪಕರು, ಧಾರವಾಡದಲ್ಲಿ ಮೂರು ದಿನದ ಸಿನಿಮಾ ಶಿಬಿರ ಮುಗಿಸಿದವರು. ಆ ಮೂರು ದಿನದಲ್ಲಿ ಕಲಿತದ್ದನ್ನು ಮೂರು ವರ್ಷವಾದರೂ ಹೇಳಿ ಮುಗಿಸಿರಲಿಲ್ಲ. ಚಪ್ಪಲಿ ಹೊರಗೆ ಬಿಡಿಸಿ, ಹುಡುಗರನ್ನು ಜಮಖಾನದ ಮೇಲೆ ಕೂಡಿಸಿ, ಮೊದಲ ವಾರ ಕಂಪ್ಯೂಟರಿನ ಭಾಗಗಳ ಮೇಲೆ ನೋಟ್ಸ್ ಬರೆಸಿದರು. ಎರಡನೇ ವಾರ ಸಿನಿಮಾದ ವ್ಯಾಖ್ಯೆ ಬರೆಸಿದರು. ಕಂಪ್ಯೂಟರುಗಳು ಹೂವಿನ ಬಟ್ಟೆಯ ಗವಸು ಹೊದ್ದುಕೊಂಡು ಆರಾಮಾಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡವು.

ಮೂರನೇ ವಾರ ಅಂತೂ ಗವಸು ತೆಗೆದರು. ತೆಗೆದ ಮೇಲೆ ಸರ್‌ಗೆ ಎಣಿಕೆ ಹೊಳೆಯಿತು. ಒಂದು ತಮಗೆ, ಉಳಿದದ್ದು ಹತ್ತು. ಹೆಸರು ಕೊಟ್ಟವರು ಇಪ್ಪತ್ತೆರಡು ಮಂದಿ.

“ನೋಡಿದ ಸಿನಿಮಾದ ಬಗ್ಗೆ ಎರಡು ಪುಟ ಬರೀರಿ,” ಎಂದರು ಸರ್. “ಕೈಲೆ ಬರದದ್ದು ನಡೆಯೂದಿಲ್ಲ. ಕಂಪ್ಯೂಟರಿನ್ಯಾಗ, ಅದೂ ಕನ್ನಡದಾಗ. ಛಲೋ ಬರದ ಹತ್ತು ಮಂದಿಗೆ ಸೀಟು. ಉಳದವರು ಲೈಬ್ರರಿಗೆ ಹೋಗಿ ಪೇಪರ್ ಓದ್ರಿ.”

ಉಳಿದವರಿಗೆ ಲೈಬ್ರರಿಯಾದರೂ ನಡೆಯುತ್ತಿತ್ತು, ಸಾರಿಕಾಳಿಗೆ ನಡೆಯುವಂತಿರಲಿಲ್ಲ. ಅವಳ ಮನೆ ಟಾಕೀಜಿನ ಹಿಂದಿನ ಓಣಿಯಲ್ಲಿ. ಗೇಟು ಕಾಯುವ ಜಿನ್ನಪ್ಪಕಾಕಾ ಇಂಟರ್ವಲ್ ಮುಗಿದ ಮೇಲೆ ಓಣಿಯ ಮಕ್ಕಳನ್ನು ಪುಕ್ಕಟೆ ಒಳಗೆ ಬಿಡುತ್ತಿದ್ದ. ಹೀಗೆ ಅವಳು ನೂರಕ್ಕೂ ಹೆಚ್ಚು ಸಿನಿಮಾ ನೋಡಿದ್ದಳು, ಒಂದರದ್ದೂ ಮೊದಲರ್ಧ ನೋಡಿರಲಿಲ್ಲ. ಅವಳು ಒಳಗೆ ಹೋಗುವ ಹೊತ್ತಿಗೆ ನಾಯಕನ ಅಪ್ಪ ಸತ್ತಿರುತ್ತಿದ್ದ, ಅಣ್ಣತಮ್ಮಂದಿರು ಬೇರೆಯಾಗಿರುತ್ತಿದ್ದರು, ನಾಯಕಿ ಅಳುತ್ತಿರುತ್ತಿದ್ದಳು. ಯಾಕೆ ಎಂಬುದನ್ನು ಮನೆಗೆ ಹೋಗಿ ತಾನೇ ಕಟ್ಟಿಕೊಳ್ಳಬೇಕು. ಮನೆಯಲ್ಲಿ ಟಿವಿ ಇತ್ತು, ಆದರೆ ರಿಮೋಟು ಅಪ್ಪ ದಶರಥನ ಕೈಯಲ್ಲಿತ್ತು, ಅವನಿಗೆ ಕ್ರಿಕೆಟ್ ಬಿಟ್ಟರೆ ಸುದ್ದಿ, ಸುದ್ದಿ ಬಿಟ್ಟರೆ ಕ್ರಿಕೆಟ್. ‘ಪ್ರತಿ ಶನಿವಾರ ಒಂದು ಸಿನಿಮಾ ಪೂರ್ತಿ ತೋರಿಸಲಾಗುವುದು’ ಎಂದು ನೋಟಿಸಿನಲ್ಲಿತ್ತು. ಆ ‘ಪೂರ್ತಿ’ ಎಂಬ ಮಾತಿಗೇ ಅವಳು ಹೆಸರು ಕೊಟ್ಟಿದ್ದಳು.

ಬರೆಯಲು ಕೂತಾಗ ಇನ್ನೊಂದು ಸತ್ಯ ಬಯಲಾಯಿತು. ಇಡೀ ತರಗತಿಯಲ್ಲಿ ಕನ್ನಡ ಟೈಪಿಂಗ್ ಯಾರಿಗೂ ಬರುತ್ತಿರಲಿಲ್ಲ, ಸರ್‌ಗೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಾರಿಕಾಳಿಗೆ ಮಾತ್ರ. ದಿನಾ ಮುಂಜಾನೆ ಎರಡು ತಾಸು ಅವಳು ತಹಶೀಲ್ದಾರ ಕಚೇರಿಯ ಮುಂದೆ ಅರ್ಜಿ ಬರೆಯುವ ಬಾಳಾಸಾಬನ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದಳು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ವಾಟ್ನಿಪತ್ರ, ಒಪ್ಪಿಗೆಪತ್ರ, ತಕರಾರು ಅರ್ಜಿ, ಎಲ್ಲವೂ ಅವಳ ಬೆರಳಿನಲ್ಲಿದ್ದವು. “ಬರದವರ ಹೆಸರ ಇಲ್ಲದ ಕಾಗದ ನನ್ನ ಅಂಗಡಿಯಿಂದ ಹೊರಗ ಹೋಗಬಾರದವಾ,” ಎಂದು ಬಾಳಾಸಾಬ ಮೊದಲ ದಿನವೇ ಹೇಳಿಕೊಟ್ಟಿದ್ದ. “ನಾಳೆ ಕೋರ್ಟಿನ್ಯಾಗ ಕೇಳಿದ್ರ ಹೇಳಾಕ ಬೇಕಲ್ಲ.”

ಮೊದಲು ಬಂದವನು ಸಂಜಯ. ಆಡಳಿತ ಮಂಡಳಿಯ ರಾವಸಾಹೇಬರ ಮಗ, ನಲವತ್ತು ಎಕರೆ ಕಬ್ಬಿನ ವಾರಸುದಾರ, ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುವದೆ ಅವನಿಗೆ ಮಾತು ಬರುತ್ತಿರಲಿಲ್ಲ.

“ಸಾರಿಕಾ, ನಂದೊಂದು ಟೈಪ್ ಮಾಡಿ ಕೊಡ. ಹೀರೋ ಛಲೋ ಅದಾನ, ಫೈಟ್ ಛಲೋ ಅದಾವ. ಉಳದದ್ದು ನೀನ ಹಾಕು.”

“ಮಾಡಿ ಕೊಡ್ತೀನಿ,” ಎಂದಳು ಸಾರಿಕಾ. “ಇಂಟರ್ವಲ್‌ಕ್ಕಿಂತ ಮೊದ್ಲ ಏನೇನ ಆಕ್ಕೈತಿ, ಅದಷ್ಟ ಹೇಳು.”

ಸಂಜಯ ತಲೆ ಕೆರೆದುಕೊಂಡ. ಪೂರ್ತಿ ದುಡ್ಡು ಕೊಟ್ಟು ಬಾಲ್ಕನಿಯಲ್ಲಿ ಕೂತು ನೋಡಿದವನಿಗೆ ನಾಯಕನ ತಾಯಿ ಮನೆ ಬಿಟ್ಟದ್ದು ಯಾಕೆಂದು ನೆನಪಿರಲಿಲ್ಲ. ಆಗ ಅವಳೇ ಯೋಚಿಸಿ ಒಂದು ಕಾರಣ ಬರೆದಳು. ಸಂಜಯನ ಹಿಂದೆ ಸೀಮಾ ಬಂದಳು, ಸೀಮಾಳ ಹಿಂದೆ ಇನ್ನೂ ಎಂಟು ಮಂದಿ; ಮಿಕ್ಕವರು ಲೈಬ್ರರಿಯೇ ಸಾಕೆಂದು ಬಿಟ್ಟರು. ಮೊದಲರ್ಧದ ಆಸೆಗೆ ಸಾರಿಕಾ ಹತ್ತೂ ಮಂದಿಗೆ ಕೂತು ಬರೆದು ಕೊಟ್ಟಳು, ಆ ಹತ್ತು ಮಂದಿ ಸೇರಿ ಹೇಳಿದ ಮೊದಲರ್ಧ ಅಂಗೈಯಗಲ ಆಗಲಿಲ್ಲ.

ಕೈ ಬಾಳಾಸಾಬನ ಅಂಗಡಿಯದು, ಎಲ್ಲಿಗೆ ಹೋದೀತು? ‘ಸದರಿ ಸಿನಿಮಾದ ನಾಯಕನು ದುಷ್ಟನ ಮನೆಗೆ ಅಕ್ರಮವಾಗಿ ಪ್ರವೇಶ ಮಾಡಿದ್ದು ಇರುತ್ತದೆ. ಸದರಿಯವರ ಪ್ರೀತಿಗೆ ಊರಿನಲ್ಲಿ ಯಾರದೂ ತಂಟೆ ತಕರಾರು ಇರುವುದಿಲ್ಲ.’ ಎರಡನೇ ಪುಟದ ಕೊನೆಗೆ, ರೂಢಿಯಂತೆ, ಇನ್ನೊಂದು ಸಾಲು. ಅದನ್ನು ಹಾಕಿದ್ದು ಅವಳಿಗೂ ಗೊತ್ತಾಗಲಿಲ್ಲ, ಬೆರಳೇ ಹಾಕಿದವು.

ತನ್ನದನ್ನು ಅವಳು ಕಡೆಗೆ ಬರೆದಳು. ‘ಈ ಸಿನಿಮಾದ ಮೊದಲರ್ಧ ನಾನು ನೋಡಿಲ್ಲ’ ಎಂದು ಶುರು ಮಾಡಿದಳು. ಸುಳ್ಳು ಹೇಳಿ ಸೀಟು ಹಿಡಿಯುವುದು ಅವಳಿಗೆ ಸೇರಲಿಲ್ಲ.

ಸರ್ ಆ ಒಂದು ಸಾಲು ಓದಿ ಕಾಗದ ಕೆಳಗಿಟ್ಟರು. “ಅರ್ಧಾ ಸಿನಿಮಾ ನೋಡಿದವರು ಸಿನಿಮಾ ಬಗ್ಗೆ ಬರಿಯಾಕ ಬರೂದಿಲ್ಲವಾ. ಪೂರ್ತಿ ನೋಡಬೇಕು. ಧಾರವಾಡ ಶಿಬಿರದಾಗ ನಮಗ ಮೊದಲ ದಿನಾನ ಹೇಳಿದ್ರು.” ಅವಳು ಬರೆದುಕೊಟ್ಟ ಹತ್ತಕ್ಕೂ ಸೀಟು ಸಿಕ್ಕಿತು. “ಏನ್ ಗಂಭೀರ ಶೈಲಿ ಐತ್ರಿ ಸಂಜಯಂದು,” ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದರು. ಸಾರಿಕಾ ಅಂದು ಮನೆಗೆ ಹೋಗಿ ಯಾರಿಗೂ ಕಾಣದಂತೆ ಅತ್ತಳು.

ಶನಿವಾರ ತರಗತಿಯ ಉದ್ಘಾಟನೆ. ರಿಬ್ಬನ್ ಕತ್ತರಿಸಲು ಸ್ವತಃ ರಾವಸಾಹೇಬರು ಬಂದರು. ಹತ್ತು ಮಂದಿ ಹತ್ತು ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತರು. ಸಾರಿಕಾ ಹೊರಗೆ ಚಪ್ಪಲಿಗಳ ನಡುವೆ, ಬಾಗಿಲಿಗೆ ಒರಗಿ ನಿಂತಿದ್ದಳು. ಸಿನಿಮಾ ಹಾಕಿದರೆ ಅಲ್ಲಿಂದಲಾದರೂ ಕಂಡೀತು ಎಂಬ ಆಸೆ. ಅದಕ್ಕೆ ಮೊದಲು ಹುಡುಗರು ತಮ್ಮ ಬರಹ ಓದುತ್ತಾರೆ ಎಂದು ಸರ್ ಸಾರಿದರು.

ಸಂಜಯ ಎದ್ದು ನಿಂತು ಓದಿದ. ತನ್ನ ಬರಹವನ್ನು ಅವನು ಓದುತ್ತಿದ್ದದ್ದು ಅದೇ ಮೊದಲ ಸಲ. ರಾವಸಾಹೇಬರು ಮೀಸೆ ಮೇಲೆ ಕೈಯಿಟ್ಟು ಕೇಳಿದರು. ಕೊನೆಯ ಸಾಲಿಗೆ ಬಂದವನು ಅದೇ ಓಘದಲ್ಲಿ ಓದಿಬಿಟ್ಟ: “ಓದಿ ಕೇಳಿಸಿದ್ದು ಸರಿ ಇರುತ್ತದೆ. ಬರೆದವರು, ಸಾರಿಕಾ ದಶರಥ ಕಾಂಬಳೆ.”

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. ಸರ್ ಗಡಬಡಿಸಿ ಸೀಮಾಳನ್ನು ಎಬ್ಬಿಸಿದರು. ಅವಳೂ ಓದಿದಳು, ಅವಳದೂ ಸಾರಿಕಾ ದಶರಥ ಕಾಂಬಳೆಗೆ ಬಂದು ನಿಂತಿತು. ಮೂರನೆಯದನ್ನು ರಾವಸಾಹೇಬರೇ ಕಸಿದುಕೊಂಡು ಕೊನೆಯ ಪುಟ ನೋಡಿದರು. ನಾಲ್ಕನೆಯದನ್ನೂ ನೋಡಿದರು. ಹೀಗೆ ಹತ್ತನ್ನೂ ನೋಡಿ ಮುಗಿಸಿದರು.

“ಇವನ್ನ ಬರದಾಕಿ ಯಾರ್ರಿ?” ಎಂದರು ರಾವಸಾಹೇಬರು.

“ನಾನರಿ,” ಎಂದಳು ಸಾರಿಕಾ ಬಾಗಿಲಿನಿಂದ.

“ನಿನಗ ಸೀಟು ಇಲ್ಲೇನವಾ?”

“ಇಲ್ರಿ.”

ರಾವಸಾಹೇಬರು ಸರ್ ಕಡೆ ತಿರುಗಿದರು. “ಸರ್, ಇವನ್ನ ನೀವ ಓದಿ ಆರಿಸಿದ್ರೆಲ್ಲ?”

“ಓದೇನ್ರಿ ಸಾಹೇಬ್ರ,” ಎಂದರು ಸರ್, ಕರವಸ್ತ್ರ ಹುಡುಕುತ್ತ.

ಸಾರಿಕಾಳಿಗೆ ಹೆದರಿಕೆ ಇತ್ತು, ಸಿಟ್ಟು ಅದಕ್ಕಿಂತ ಹೆಚ್ಚಿತ್ತು. “ಇಂಟರ್ವಲ್ ತನಕ ಓದ್ಯಾರ್ರಿ,” ಎಂದಳು.

ಸರ್‌ಗೆ ಕರವಸ್ತ್ರ ಸಿಕ್ಕಿತು, ಹಣೆ ಒರೆಸಿಕೊಂಡರು. ಅವರ ಪಾಲಿನ ಹನ್ನೊಂದನೇ ಕಂಪ್ಯೂಟರು ಕುಂಕುಮ ಹಚ್ಚಿಸಿಕೊಂಡು ಮತ್ತೆ ಗವಸು ಹೊದ್ದು ಕೂತಿತ್ತು; ರಾವಸಾಹೇಬರು ಅದರ ಗವಸು ತೆಗೆಸಿ, “ಇಲ್ಲಿ ಕೂಡವಾ,” ಎಂದರು. ಸಂಜಯ ಅಂದು ಬೈಕಿನ ಕೀಲಿ ತಿರುವಲಿಲ್ಲ.

ಬಳಿಕ ಕಿಟಕಿ ಮುಚ್ಚಿ, ಪ್ರೊಜೆಕ್ಟರಿನಲ್ಲಿ ಸಿನಿಮಾ ಹಾಕಿದರು. ಕರಿಯ ಪರದೆಯ ಮೇಲೆ ಒಂದರ ಹಿಂದೊಂದು ಹೆಸರು ಬರತೊಡಗಿದವು.

“ಸರ್, ಮುಂದ ಓಡಸ್ರಿ, ಬರೇ ಹೆಸರ ಅದಾವ,” ಎಂದರು ಹುಡುಗರು.

“ಬ್ಯಾಡ್ರಿ ಸರ್, ಇದ್ದಂಗ ಬರ್ಲಿ,” ಎಂದಳು ಸಾರಿಕಾ.

‘ಕಥೆ, ಸಂಭಾಷಣೆ’ ಎಂದು ಬಂತು, ಅದರ ಕೆಳಗೆ ಯಾರದೋ ಹೆಸರು. ಸಾರಿಕಾ ಮುಂದೆ ಬಾಗಿ ಅದನ್ನು ಓದಿದಳು. ಸಿನಿಮಾ ಬರವಣಿಗೆ ಎಂದರೆ ನೋಡಿದ ಮೇಲೆ ಬರೆಯುವುದು ಎಂದುಕೊಂಡಿದ್ದ ಅವಳು, ನಟರು ತಮಗೆ ತೋಚಿದ್ದು ಮಾತಾಡುತ್ತಾರೆ ಎಂದೇ ಇಷ್ಟು ವರ್ಷ ತಿಳಿದಿದ್ದಳು. ಅದನ್ನು ಕೂತು ಬರೆಯುವವರು ಒಬ್ಬರಿರುತ್ತಾರೆ ಎಂಬುದು ಸರ್ ಬರೆಸಿದ ನಲವತ್ತು ಪುಟದ ನೋಟ್ಸಿನಲ್ಲೂ ಇರಲಿಲ್ಲ.

“ಸೀಮಾ, ಬರದವರ ಹೆಸರ ಇಷ್ಟ ಮೊದ್ಲ ಹಾಕ್ತಾರೇನ?” ಎಂದು ಪಿಸುಗುಟ್ಟಿದಳು.

“ಹೂಂ ಮತ್ತ, ಎಲ್ಲಾ ಸಿನಿಮಾದಾಗೂ ಹಾಕ್ತಾರ.”

“ನಾ ನನ್ನ ಹೆಸರ ಕಡೀಕ, ಕೆಳಗ ಹಾಕಿದ್ನೆಲ್ಲ,” ಎಂದಳು ಸಾರಿಕಾ.