ಕೆಳಗಿನ ಹೊಲದ ಚಿತ್ರ

ಸಪ್ನಾ ಹಾಳೆಯ ಮುಕ್ಕಾಲು ಭಾಗಕ್ಕೆ ಕಪ್ಪು ತುಂಬಿ ಮುಗಿಸುವಷ್ಟರಲ್ಲಿ ಕ್ರೆಯಾನ್ ಸವೆದು ಉಗುರಿನಷ್ಟಾಗಿತ್ತು. ಉಳಿದ ಕಾಲು ಭಾಗದಲ್ಲಿ ತೆಳು ನೀಲಿ, ಅಂಚಿಗೊಂದು ಜಾಲಿಮರ. ಮೂರು ವಾರದಿಂದ ಹೆಸರು ಕೇಳಿದರೂ ಗೋಡೆ ನೋಡುತ್ತಿದ್ದ ಹುಡುಗಿ ಇವತ್ತು ತಾನೇ ಎದ್ದು, ಹಾಳೆಯನ್ನು ಎದೆಯ ಮುಂದೆ ಹಿಡಿದು, "ಸರ್, ಇದು ಶನಿವಾರ ಗ್ವಾಡಿಗಿ ಹಚ್ರಿ," ಅಂದಳು. ಶನಿವಾರ ಪ್ರದರ್ಶನ. ಅವ್ವ ಬಂದು ನೋಡುವವಳಿದ್ದಳು.

ಅಮರನಾಥ ಸರ್ ಚಿತ್ರ ನೋಡಿ, ಯಾವ ಬಣ್ಣಕ್ಕೆ ಯಾವ ಭಾವ ಎಂದು ಅಚ್ಚಾದ, ಪ್ಲಾಸ್ಟಿಕ್ ಹೊದಿಸಿದ ಬಣ್ಣದ ಕಾರ್ಡನ್ನು ಬ್ಯಾಗಿನಿಂದ ತೆಗೆದರು.

ಆಳಂದ ತಾಲ್ಲೂಕಿನ ಆ ಊರ ಶಾಲೆಗೆ ಅವರನ್ನು ಕಳಿಸಿದ್ದು ಕಲಬುರಗಿಯ ಒಂದು ಟ್ರಸ್ಟು. ಚಿತ್ರ ಬರೆಸಿ ದುರ್ಬಲ ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬಬೇಕಾಗಿತ್ತು. ದುರ್ಬಲರ ಪಟ್ಟಿ ಮಾಡಿದವರು ಹೆಡ್‌ಮಾಸ್ತರ ಶಂಕರಲಿಂಗ. ಹಿಂದಿನ ಸಾಲಿನಲ್ಲಿ ಕೂತವರನ್ನೆಲ್ಲ ಬರೆದುಕೊಂಡಿದ್ದರು, ಎದ್ದು ನೋಡುವ ತೊಂದರೆಯನ್ನೂ ತೆಗೆದುಕೊಳ್ಳದೆ. ಅಮರನಾಥ ಸರ್ ಹುಟ್ಟಿದ್ದೇನೋ ಜೇವರ್ಗಿ ಕಡೆಯ ಕೊಳಕೂರಿನಲ್ಲಿ. ಬೆಂಗಳೂರಿನಲ್ಲಿ ಆರು ದಿನದ ತರಬೇತಿ ಮುಗಿಸಿ ಬಂದ ಮೇಲೆ ಫೋನಿನೊಳಗಿನ ದಾರಿ ತೋರಿಸುವ ಹೆಂಗಸಿನಂತೆ ಅದನ್ನು "ಕೋಲ್ಕುರ್" ಎನ್ನುತ್ತಿದ್ದರು. ಕಪ್ಪು ಅಂದರೆ ದುಃಖ, ಭಯ, ಎಂದು ಮೊದಲ ದಿನವೇ ಕರಿಹಲಗೆಯ ಮೇಲೆ ಬರೆದಿದ್ದರು. ಇಪ್ಪತ್ತೆರಡು ವರ್ಷ ಅದೇ ಹಲಗೆಯ ಮೇಲೆ ಮಗ್ಗಿ ಬರೆದ ಶಂಕರಲಿಂಗ ಅದಕ್ಕೂ ತಲೆ ಆಡಿಸಿದ್ದರು.

ಈಗ ಇಬ್ಬರೂ ತಲೆ ಕೂಡಿಸಿ, ಇಡೀ ವರ್ಗಕ್ಕೆ ಕೇಳುವಂಥ ಪಿಸುಮಾತಿನಲ್ಲಿ ಚರ್ಚಿಸಿದರು. ಸಪ್ನಾಳ ಅಪ್ಪ ಸೂರ್ಯಕಾಂತ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ ಎಂದು ತಿಳಿದಾಗ ಸರ್ ಮುಖ ಅರಳಿತು. ವರದಿಗೆ ಇಂಥದೊಂದು ನೊಂದ ಮಗು ಬೇಕಿತ್ತು. ಮೂರು ವಾರದಿಂದ ಒಂದೂ ಸಿಕ್ಕಿರಲಿಲ್ಲ. ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಜೇನು ಸುರಿಯುವ ದನಿಯಲ್ಲಿ ಕೇಳಿದರು. ಸಪ್ನಾ ಮತ್ತೆ ಗೋಡೆ ನೋಡತೊಡಗಿದಳು.

ಅವ್ವನಿಗೆ ಕರೆ ಹೋಯಿತು. ಮಲ್ಕಮ್ಮ ಕಳೆ ತೆಗೆಯುವುದನ್ನು ಬಿಟ್ಟು, ಹೊಲದ ಮಣ್ಣು ಮೆತ್ತಿದ ಕಾಲಲ್ಲೇ ಬಂದು ಬಾಗಿಲ ಹೊರಗೆ ನಿಂತಳು. ಸರ್ ಚಿತ್ರ ತೋರಿಸಿದರು. ಅವಳ ಮುಖ ಸಡಿಲಾಯಿತು.

"ನಮ್ ಕೆಳಗಿನ ಹೊಲ ಅದರಿ ಇದು. ಜ್ವಾಳಕ್ಕ ಅಂತ ಖಾಲಿ ಬಿಟ್ಟೀವಿ. ಆ ಜಾಲಿಗಿಡನೂ ಬರ್ದಾಳ ನೋಡ್ರಿ."

"ಅದಲ್ಲಮ್ಮ. ಮಗು ಇಷ್ಟೊಂದು ಕಪ್ಪು ಯಾಕೆ ಬಳಸಿದಾಳೆ?"

ಮಲ್ಕಮ್ಮ ಹೆಡ್‌ಮಾಸ್ತರರ ಕಡೆ ನೋಡಿದಳು. ಅವರದೂ ಹನ್ನೆರಡು ಎಕರೆ ಇಂಥದೇ ಕಪ್ಪು ಎರಿಭೂಮಿ, ಇವಳ ಹೊಲದ ಬದುವಿಗೇ ಹತ್ತಿಕೊಂಡದ್ದು. ಅವರು ಕಿಟಕಿಯಾಚೆ ನರೋಣಾದ ಬಸ್ಸು ಬಂತೇ ಎಂದು ನೋಡುತ್ತಿದ್ದರು.

"ಮತ್ತ ಯಾ ಬಣ್ಣ ಹಚ್ಚಬೇಕ್ರಿ? ಹಿಂಗ ಕರ್ರಗಿದ್ರನೇ ಬಿಳಿಜ್ವಾಳ ಬರ್ತಾವು."

ಪಾಲಕರು ಒಪ್ಪುವುದಿಲ್ಲ ಎಂದು ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಮೊದಲೇ ಇತ್ತು. ಸರ್ ತೃಪ್ತಿಯಿಂದ ಅದನ್ನೂ ಬರೆದುಕೊಂಡರು. ಚಿತ್ರ ಫೈಲಿಗೆ ಹೋಯಿತು. ಗೋಡೆಗೆ ಬೇರೆ, ಸಂತೋಷದ್ದು ಬರೆಯಲಿ ಎಂದು ಹೊಸ ಹಾಳೆಯಲ್ಲಿ ಎರಡು ಗುಡ್ಡ, ನಡುವೊಂದು ಸೂರ್ಯ ಗೀಚಿ ಕೊಟ್ಟರು. ಸಪ್ನಾ ಮುಟ್ಟಲಿಲ್ಲ. ಕೊನೆಗೆ ಸರ್ ತಾವೇ ಬಣ್ಣ ತುಂಬಿ, ಕೆಳಗೆ ದುಂಡಗೆ ಅವಳ ಹೆಸರು ಬರೆದರು.

ಶುಕ್ರವಾರ ರಾತ್ರಿಯೆಲ್ಲ ಮಳೆ. ಶನಿವಾರ ಟ್ರಸ್ಟಿನ ಅಧ್ಯಕ್ಷೆ ರುಕ್ಮಿಣಿಬಾಯಿ ಕಾರಿನಲ್ಲಿ ಬಂದರು. ಗೋಡೆಯ ಮೇಲೆ ಹದಿನೆಂಟು ಜೋಡಿ ಗುಡ್ಡಗಳು, ಹದಿನೆಂಟು ಸೂರ್ಯ. ಊರ ಸುತ್ತ ಹರದಾರಿ ನಡೆದರೂ ಎತ್ತಿನ ಬೆನ್ನಿಗಿಂತ ಎತ್ತರದ ದಿಬ್ಬ ಸಿಗುವುದಿಲ್ಲ. "ಬ್ಯೂಟಿಫುಲ್," ಎಂದರು ರುಕ್ಮಿಣಿಬಾಯಿ. "ಬ್ಯೂಟಿಫುಲ್ಲು," ಎಂದರು ಶಂಕರಲಿಂಗ. ರುಕ್ಮಿಣಿಬಾಯಿ ಒಂದು ಚಿತ್ರದ ಕೆಳಗಿನ ಹೆಸರು ಓದಿ ಸಪ್ನಾಳನ್ನು ಮುಂದೆ ಕರೆದರು. ಹಿಂದುಗಡೆ ಮಲ್ಕಮ್ಮ ಇಳಕಲ್ಲಿನ ಸೀರೆ ಉಟ್ಟು ನಿಂತಿದ್ದಳು. ಅವಳ ಕಣ್ಣು ಇನ್ನೂ ಗೋಡೆಯ ಮೇಲೆ ಹುಡುಕುತ್ತಿತ್ತು.

ಸಪ್ನಾ ಅವ್ವನನ್ನು ನೋಡಿದಳು.

"ಅದು ನಂದಲ್ರಿ. ಸರ್ ಬರ್ದಾರ. ನಂದು ಅವರ ಫೈಲಿನ್ಯಾಗದ, ಕೊಡಸ್ರಿ."

ಅಮರನಾಥ ಸರ್ ಜೋರಾಗಿ ಚಪ್ಪಾಳೆ ತಟ್ಟಿದರು. "ನೋಡಿದಿರಾ ಮೇಡಂ, ಬಾಯೇ ಬಿಡದ ಮಗು." ಎಲ್ಲರೂ ತಟ್ಟಿದರು. ಫೋಟೊ ತೆಗೆದರು. ಚಿತ್ರ ಮಾತ್ರ ಯಾರೂ ಕೊಡಲಿಲ್ಲ.

ಹೊರಡುವ ಹೊತ್ತಿಗೆ ಕಾರಿನ ತನಕದ ಇಪ್ಪತ್ತು ಹೆಜ್ಜೆಯಲ್ಲಿ ಹಸಿ ಕರಿಮಣ್ಣು ಮೆತ್ತಿ ಸರ್ ಬೂಟುಗಳು ರೊಟ್ಟಿಯ ಹಿಟ್ಟಿನ ಮುದ್ದೆಗಳಂತಾದವು. ಫೈಲನ್ನು ಕಾರಿನ ಮೂತಿಯ ಮೇಲಿಟ್ಟು, ಒಂಟಿಗಾಲಲ್ಲಿ ನಿಂತು, ಕೈಗೆ ಸಿಕ್ಕ ಬಣ್ಣದ ಕಾರ್ಡಿನಿಂದ ಮಣ್ಣು ಕೆರೆಯತೊಡಗಿದರು. ಸಪ್ನಾ ಬರಿಗಾಲಲ್ಲಿ ಬಂದಳು. ಫೈಲು ತೆರೆದು, ತನ್ನ ಹಾಳೆ ಹುಡುಕಿ ತೆಗೆದುಕೊಂಡು, ಫೈಲನ್ನು ಮತ್ತೆ ಮುಚ್ಚಿಟ್ಟು, ಅವ್ವನ ಕಡೆಗೆ ನಡೆದಳು.

ಸರ್ ತಲೆ ಎತ್ತಲಿಲ್ಲ. ಕೆರೆದಷ್ಟೂ ಮಣ್ಣು ಕಾರ್ಡಿಗೆ ಹತ್ತುತ್ತಿತ್ತು. ಮೊದಲು ಹಳದಿ ಮುಚ್ಚಿತು, ಆಮೇಲೆ ಹಸಿರು, ಆಮೇಲೆ ಗುಲಾಬಿ.