ಮುಕ್ಕಾಲು ಇಂಚಿನ ಉಂಗುರ

ಪೈಪು, ನಲ್ಲಿ ಮಾರುವ ಆ ಅಂಗಡಿಯಲ್ಲಿ ಕಿರಿ ಸೊಸೆ ಕೂರಲು ಶುರುಮಾಡಿ ಆರು ತಿಂಗಳು ತುಂಬಲು ನಾಲ್ಕೇ ದಿನ ಬಾಕಿ ಇತ್ತು. “ಆರು ತಿಂಗಳು ಒಂದು ಸಾಮಾನೂ ತಪ್ಪು ಹೋಗಬಾರದು. ಆಮೇಲೆ ಈ ಕುರ್ಚಿ ನಿಂದೇ,” ಎಂದಿದ್ದರು ಮಾವ. ಆಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಅಳೆಯದೆ ಒಂದು ನಟ್ಟನ್ನೂ ಕೊಟ್ಟವಳಲ್ಲ.

ಪ್ಲಂಬರ್ ಕೆಲಸದ ಭಾವ, ಅಂದರೆ ಗಂಡನ ಅಣ್ಣ, ಹಳೆಯ ಕಟ್ಟಡದಿಂದ ಕತ್ತರಿಸಿ ತಂದ ತಾಮ್ರದ ಪೈಪಿನ ತುಂಡನ್ನು ಮೇಜಿನ ಮೇಲೆ ಕುಕ್ಕಿದರು. “ಇಪ್ಪತ್ತೆರಡು ಎಂಎಂ ಫಿಟ್ಟಿಂಗ್, ಎಂಟು ಕೊಡು.”

ಆಕೆ ಪೈಪಿನ ಹೊರಮೈ ಅಳೆದಳು. “ಭಾವ, ಇದು ಹಳೇ ಮುಕ್ಕಾಲು ಇಂಚಿಂದು. ಮುಕ್ಕಾಲು ಅನ್ನೋದು ಒಳಗಿನ ಅಳತೆ, ಹೊರಗೆ ಇಪ್ಪತ್ತೆರಡಕ್ಕಿಂತ ಒಂಚೂರು ದಪ್ಪ ಇದೆ. ಫಿಟ್ಟಿಂಗ್ ಅದೇ ಆಗುತ್ತೆ, ಒಳಗೆ ಪೈಪನ್ನ ಬಿಗಿಹಿಡಿಯೋ ಹಿತ್ತಾಳೆ ಉಂಗುರ ಮಾತ್ರ ಬೇರೆ ಹಾಕ್ಬೇಕು.”

“ಅಯ್ಯೋ ತಾಯಿ, ಕೂದಲು ಸೀಳ್ತೀಯಲ್ಲ! ನಾನು ಸ್ಪ್ಯಾನರ್ ಹಿಡಿದಾಗ ನೀನಿನ್ನೂ ಅ ಆ ಇ ಈ ತಿದ್ತಿದ್ದೆ.”

“ಆ ಕೂದಲೆಳೆ ಸಂದಲ್ಲೇ ನೀರು ನುಸುಳೋದು, ಭಾವ.”

ಮುಕ್ಕಾಲು ಇಂಚಿನ ಎಂಟು ಉಂಗುರಗಳನ್ನು ಪೊಟ್ಟಣ ಕಟ್ಟಿ ಫಿಟ್ಟಿಂಗ್ ಡಬ್ಬದ ಮೇಲಿಟ್ಟಳು. ಭಾವ ಡಬ್ಬ ಎತ್ತಿಕೊಂಡರು, ಪೊಟ್ಟಣವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರು. ಮಾವನಿಗೆ ಹೇಳಿದಳು. “ಅವನಿಗೆ ಗೊತ್ತಿಲ್ವಾ, ಬಿಡು,” ಎಂದರು ಅವರು.

ಫಿಟ್ಟಿಂಗ್ ಜೊತೆ ಡಬ್ಬದಲ್ಲೇ ಬಂದಿದ್ದ ಇಪ್ಪತ್ತೆರಡರ ಉಂಗುರಗಳು ಪೈಪಿಗೆ ಏರಲಿಲ್ಲ. ಭಾವ ಪೈಪನ್ನು ಉಪ್ಪು ಕಾಗದದಿಂದ ಉಜ್ಜಿ ಸವೆಸಿ, ಬಲವಂತವಾಗಿ ತೂರಿಸಿ ನಟ್ ಬಿಗಿದರು. ಎರಡು ದಿನ ತಡೆಯಿತು. ಮೂರನೆಯ ದಿನ ಅದೇ ಕಟ್ಟಡದ ಕೆಳಮಹಡಿಯ ದಂತವೈದ್ಯರ ಕುರ್ಚಿಯ ಮೇಲೆ, ಬಾಯಿ ತೆರೆದು ಮಲಗಿದ್ದವರ ಮುಖಕ್ಕೇ ನೀರು ಸುರಿಯಿತು.

ಕಟ್ಟಡದ ಯಜಮಾನ ಅಂಗಡಿಗೇ ಬಂದು ಕೂಗಾಡಿದ. ಭಾವ ನೆಲ ನೋಡುತ್ತಾ ನಿಂತರು. ಮಾವ ಗಂಟಲು ಸರಿಮಾಡಿಕೊಂಡರು.

“ನಮ್ ಸೊಸೆ ಹೊಸಬಳು ಸ್ವಾಮಿ. ತಪ್ಪು ಉಂಗುರ ಕೊಟ್ಟುಬಿಟ್ಟಿದಾಳೆ. ಇವತ್ತೇ ಎಲ್ಲಾ ಬದಲಾಯಿಸಿ ಕೊಡ್ತೀವಿ.”

ಯಜಮಾನ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದ.

“ನನ್ನ ತಲೆ ಮೇಲೆ ಯಾಕೆ ಗೂಬೆ ಕೂರಿಸಿದ್ರಿ ಮಾವ? ನಿಮಗೆ ಹೇಳಿದ್ದೆನಲ್ಲ.”

“ಅವನ ಹೆಸರು ಕೆಟ್ಟರೆ ಯಾರು ಕೆಲಸ ಕೊಡ್ತಾರೆ? ನಿನ್ನನ್ನ ಹೊರಗೆ ಯಾರು ಬಲ್ಲರು? ಸ್ವಲ್ಪ ದಿನ ಗೋಡೌನಲ್ಲಿರು. ಜನ ಮರೀಲಿ.”

ಭಾವ ಉಂಗುರಗಳ ಖಾನೆ ಎಳೆದು, ಒಂದೊಂದನ್ನೇ ಬೆಳಕಿಗೆ ಹಿಡಿದು, ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು: “ಇದರಲ್ಲಿ ಮುಕ್ಕಾಲು ಇಂಚಿಂದು ಯಾವುದಮ್ಮ?”

“ನನ್ನ ಕೇಳಬೇಡಿ ಭಾವ. ನಾನು ತಪ್ಪು ಕೊಡೋಳು.”

ಇಬ್ಬರೂ ತಲೆ ಎತ್ತಿದರು. ಆಕೆ ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿ ಗೋಡೌನಿನ ಕಡೆ ನಡೆದಳು.