ಗ್ರಾಹಕ ಸಂಖ್ಯೆ ಇನ್ನೂರ ಹನ್ನೆರಡು

ಮಳೆಯನ್ನು ಹೋದ ತಿಂಗಳೇ ಬಳಸಿಯಾಗಿತ್ತು. ಬಡ್ಡಿ ದರವನ್ನು ಅದರ ಹಿಂದಿನ ತಿಂಗಳು. ಮದುವೆಗಳ ಕಾಲ ಇನ್ನೂ ದೂರವಿತ್ತು, ಚುನಾವಣೆ ಮುಗಿದುಹೋಗಿತ್ತು. ಕೆನ್ನೆಯ ಅರ್ಧಕ್ಕೆ ಬಂದ ರೇಜರನ್ನು ಹಾಗೇ ಹಿಡಿದು ಅವನು ಕನ್ನಡಿ ನೋಡಿದ. ಪೆಟ್ರೋಲ್? ಪೆಟ್ರೋಲ್ ಬೆಲೆ ಏರಿದರೆ ಸಣ್ಣ ಕಾರಿನ ಮಾರಾಟ ಏರಬೇಕು, ಬೀಳಬಾರದು. ಆದರೂ ಎರಡು ವರ್ಷದ ಹಿಂದೊಮ್ಮೆ ಅದನ್ನೂ ತಿರುಗಿಸಿ ಬರೆದಿದ್ದ: ಪೆಟ್ರೋಲ್ ಏರಿದ್ದರಿಂದ ಜನ ಕಂಗಾಲಾಗಿ, ಇನ್ನು ಕೊಂಡರೆ ದೊಡ್ಡದನ್ನೇ ಕೊಳ್ಳೋಣವೆಂದು ತೀರ್ಮಾನಿಸಿದ್ದಾರೆ. ಯಾರೂ ಏನೂ ಅನ್ನಲಿಲ್ಲ. ಮ್ಯಾನೇಜರು ‘ಕಂಗಾಲಾಗಿ’ ಎಂಬುದನ್ನು ಮಾತ್ರ ಹೊಡೆದುಹಾಕಿದರು.

ಕಾರು ಕಂಪನಿಯ ಮಾರಾಟ ವಿಭಾಗದಲ್ಲಿ ಅವನ ಕೆಲಸ ಅದು. ತಿಂಗಳ ಕೊನೆಗೆ ಒಂದು ಪಟ್ಟಿ ಬರುತ್ತದೆ. ಎಡಗಡೆ ಕಾರಿನ ಮಾದರಿ, ಪಕ್ಕದಲ್ಲಿ ಮೇಲಕ್ಕೋ ಕೆಳಕ್ಕೋ ಒಂದು ಬಾಣ, ಬಲಗಡೆ ‘ಕಾರಣ’ ಎಂಬ ಖಾಲಿ ಚೌಕ. ಚೌಕದಲ್ಲಿ ಎರಡು ಸಾಲು ಹಿಡಿಸುತ್ತದೆ; ಹಿಡಿಸದ್ದನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ಹನ್ನೊಂದು ವರ್ಷದಿಂದ ಅವನು ಆ ಚೌಕ ತುಂಬುತ್ತಿದ್ದ. ಎದುರಿಗೆ ಎಲ್ಲರಿಗೂ ಅವನು ಸಾರ್, ಬೆನ್ನ ಹಿಂದೆ ಕಾರಣಪ್ಪ.

ಕಂಪನಿ ತನ್ನ ಕಾರುಗಳಿಗೆ ಇಟ್ಟ ಹೆಸರುಗಳು ಯಾರ ನಾಲಿಗೆಗೂ ಹತ್ತುವಂಥವಲ್ಲ. ಕಚೇರಿಯವರು ತಮ್ಮ ಪಾಡಿಗೆ ಬೇರೆ ಇಟ್ಟುಕೊಂಡಿದ್ದರು. ಇಪ್ಪತ್ತು ವರ್ಷದಿಂದ ಮಾರುತ್ತಿದ್ದ ಸಣ್ಣ ಕಾರು ಪುಟ್ಟಿ. ಮದುವೆಯ ಕಾಲದಲ್ಲಿ ಮಾತ್ರ ಹೋಗುವ, ಹಿಂಭಾಗ ಉದ್ದದ ಕಾರು ಮದುವಣಿಗ. ಮೂರು ತಿಂಗಳ ಹಿಂದೆ ಬಂದ, ಒಂದು ಓಣಿಯನ್ನು ಪೂರಾ ತುಂಬಬಲ್ಲ ಹೊಸದು ಆನೆ. ಈ ತಿಂಗಳೂ ಪುಟ್ಟಿ ಬಿದ್ದಿತ್ತು. ಆನೆ ಏರಿತ್ತು. ಮದುವಣಿಗ ಎಂದಿನಂತೆ ಕಾಯುತ್ತಿತ್ತು.

ಸೋಪು ಒಣಗುತ್ತಿರುವಾಗಲೇ ಫೋನ್ ಬಂತು. ಅಣ್ಣ. ಕಾರ್ಖಾನೆಯಲ್ಲಿ ಪುಟ್ಟಿ ತಯಾರಾಗುವ ಲೈನಿನಲ್ಲಿ ಬಾಗಿಲು ಕೂರಿಸುವವನು. ಅದೇ ಕೆಲಸ ಮಾಡುತ್ತ ತಮ್ಮನನ್ನು ಓದಿಸಿದವನು.

“ತಿಂಡಿ ಆಯ್ತೇನೋ?”

“ಇಲ್ಲಣ್ಣ. ಗಡ್ಡ.”

“ನಾಳೆ ಮೀಟಿಂಗ್ ಅಂತೆ. ಡೈರೆಕ್ಟರ್‌ಗಳು ಎಲ್ಲ ಬರ್ತಾರಂತೆ.”

“ಹೂಂ.”

“ನಮ್ಮ ಲೈನು ಮುಚ್ಚೋದು ನಾಳೆನೇ ತೀರ್ಮಾನ ಅಂತ ಇಲ್ಲಿ ಮಾತು. ಎಲ್ಲ ನಿನ್ನ ಕಾಗದ ನೋಡ್ಕೊಂಡು ಮಾಡ್ತಾರಂತಲ್ಲ?”

“ನನ್ನ ಕಾಗದ ಯಾರೂ ನೋಡಲ್ಲಣ್ಣ.”

“ಅಲ್ವೋ, ಪುಟ್ಟಿ ಯಾಕೆ ಬೀಳ್ತಿದಾಳೆ? ನನ್ನ ಕೈಗೆ ಬರೋ ಬಾಗಿಲು ಹಂಗೇ ಇದೆ. ತಿರುಪು ಹಂಗೇ ಇದೆ. ನಾನೂ ಹಂಗೇ ಇದೀನಿ.”

“ಮಾರುಕಟ್ಟೆ ಅಣ್ಣ.”

“ಮಾರುಕಟ್ಟೆ ಅಂದ್ರೆ ಯಾರೋ?”

ಅವನು ಒಣಗಿದ ಸೋಪನ್ನು ಉಗುರಿನಿಂದ ಕೆರೆಯುವಷ್ಟರಲ್ಲಿ ಅಣ್ಣನೇ ಕೈಬಿಟ್ಟ. “ಇರ್ಲಿ ಬಿಡು. ನಿಜ ಏನಿದೆಯೋ ಅದನ್ನ ಬರಿ. ನಮಗೇನೂ ಸೇರಿಸಿ ಬರೀಬೇಡ. ಗಡ್ಡ ಮಾಡ್ಕೋ.”

ಊಟದ ಮೇಜಿನ ಹತ್ತಿರ ಹೆಂಡತಿ ಕೇಳಿದಳು. “ಯಾರು?”

“ಅಣ್ಣ.”

“ಏನಂತೆ?”

“ಕಾರಣ ಕೇಳ್ದ.”

“ಕೊಟ್ರಾ?” ಎಂದು ಅವಳು ಬ್ರೆಡ್ಡಿನ ತಟ್ಟೆ ಮುಂದೆ ಸರಿಸಿದಳು. ನಗುತ್ತಿದ್ದಳೋ ಇಲ್ಲವೋ ತಿಳಿಯುವ ಮೊದಲೇ ಒಳಗೆ ಹೋದಳು.

ಕಚೇರಿಯಲ್ಲಿ ಮ್ಯಾನೇಜರು ಬಾಗಿಲಲ್ಲೇ ಹಿಡಿದರು. ಖುಷಿಯಲ್ಲಿದ್ದರು. ಖುಷಿಯಲ್ಲಿದ್ದಾಗ ಅವರು ಎದುರಿಗಿರುವವನ ಅಂಗಿಯ ಗುಂಡಿ ಮುಟ್ಟಿ ಮಾತಾಡುತ್ತಾರೆ.

“ಆರು ಗಂಟೆಗೆ ನನಗೆ ವರದಿ. ಆನೆಗೆ ಈ ಸಲ ಸ್ವಲ್ಪ ಜೀವ ಬರ್ಲಿ ಕಣ್ರೀ. ಒಬ್ಬ ಗ್ರಾಹಕನ ಮಾತು ಹಾಕಿ. ಅವನ ಮನೆ, ಅವನ ಆಸೆ, ಕಾರು ಬಂದ್ಮೇಲೆ ಏನನ್ನಿಸ್ತು. ಹೋದ ತಿಂಗಳು ಬರೆದಿದ್ರಲ್ಲ, ಆಹಾ! ನನ್ನ ಹೆಂಡ್ತಿಗೂ ಓದಿ ಹೇಳಿದೆ.”

ಹೋದ ತಿಂಗಳು ಬರೆದದ್ದು ಅವನಿಗೆ ಬಾಯಿಪಾಠವಾಗಿತ್ತು. ಗ್ರಾಹಕರ ಪಟ್ಟಿಯಿಂದ ಹೆಸರು ತೆಗೆದು ವಯಸ್ಸು, ಓದು, ಮನೆಯ ಅಳತೆಗಳನ್ನಷ್ಟೇ ಕೊಟ್ಟಿದ್ದರು. ಅದನ್ನೆಲ್ಲ ಬೆರೆಸಿ ಅವನು ಒಬ್ಬ ಮನುಷ್ಯನನ್ನು ಮಾಡಿದ್ದ. ‘ಆನೆಯನ್ನು ಕೊಳ್ಳುವವನು ಮೂವತ್ತೈದರಿಂದ ನಲವತ್ತೈದರ ವಿದ್ಯಾವಂತ. ಎರಡು ಕೋಣೆಯ ಮನೆಯಲ್ಲಿರುತ್ತಾನೆ. ಇದುವರೆಗೆ ಬಸ್ಸಿನಲ್ಲಿ ಓಡಾಡಿದ್ದಾನೆ. ಬದುಕಿನಲ್ಲಿ ಯಾವ ದೊಡ್ಡ ನಿರ್ಧಾರವನ್ನೂ ಮಾಡಿದವನಲ್ಲ; ಇದು ಅವನ ಮೊದಲನೆಯದು.’ ಮೀಟಿಂಗಿನಲ್ಲಿ ಮ್ಯಾನೇಜರು ಅದನ್ನು ಗಟ್ಟಿಯಾಗಿ ಓದಿದಾಗ ಚಪ್ಪಾಳೆ ಬಿದ್ದಿತ್ತು. ಇಂಥ ಧೈರ್ಯವಂತನನ್ನು ಒಮ್ಮೆ ನೋಡಬೇಕೆಂದು ಅವನಿಗೇ ಅನ್ನಿಸಿತ್ತು.

ದಾಖಲೆ ವಿಭಾಗದ ಮೇಡಂ ಎರಡನೆಯ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಹೆಣಿಗೆಯ ಕಡ್ಡಿಗಳನ್ನು ಪೆನ್ನುಗಳ ಜತೆ ಒಂದೇ ಲೋಟದಲ್ಲಿಟ್ಟಿದ್ದರು.

“ಆನೆ ಗ್ರಾಹಕರಲ್ಲಿ ಯಾರಾದರೂ ಒಬ್ಬರ ಹತ್ರ ಮಾತಾಡ್ಬೇಕಿತ್ತು ಮೇಡಂ.”

“ಯಾರಾದರೂ ಅಂದ್ರೆ?”

“ಯಾರಾದ್ರೂ. ಒಂದು ಸಂಖ್ಯೆ ಹೇಳ್ತೀನಿ. ಇನ್ನೂರ ಹನ್ನೆರಡು.”

ಮೇಡಂ ಕಂಪ್ಯೂಟರಿನಲ್ಲಿ ನೋಡಿದರು. ಒಂದು ಸಲ ಅವನನ್ನು ನೋಡಿದರು. “ಬೇರೆ ಸಂಖ್ಯೆ ಹೇಳಿ.”

“ಯಾಕೆ?”

“ಸುಮ್ನೆ.”

“ಇದೇ ಇರ್ಲಿ. ನಾವು ಆರಿಸಿ ಹಾಕಿದ ಹಾಗಾಗಬಾರದು.”

ಅವರು ನಿಟ್ಟುಸಿರು ಬಿಟ್ಟು ಮೇಜಿನ ಫೋನಿನ ಗುಂಡಿಗಳನ್ನು ಒತ್ತಿ, ರಿಸೀವರನ್ನು ಅವನ ಕೈಗೆ ಕೊಟ್ಟರು. ಆ ಕಡೆ ಗಂಟೆ ಬಾರಿಸತೊಡಗಿತು. ಅದೇ ಹೊತ್ತಿಗೆ ಅವನ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಅವನು ಒಂದು ಕೈಯಲ್ಲಿ ರಿಸೀವರ್ ಹಿಡಿದು ಇನ್ನೊಂದನ್ನು ಜೇಬಿಗೆ ಹಾಕಿದ.

“ಎತ್ತಬೇಡಿ ಸಾರ್,” ಎಂದರು ಮೇಡಂ. “ಎರಡೂ ಕಡೆ ನೀವೇ.”

ಸ್ವಲ್ಪ ಹೊತ್ತು ಎರಡೂ ಫೋನುಗಳು ತಮ್ಮಷ್ಟಕ್ಕೆ ಒಂದನ್ನೊಂದು ಕರೆದುಕೊಂಡವು.

“ಮೂರು ತಿಂಗಳ ಹಿಂದೆ ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿದ್ರಲ್ಲ?”

“ಅದು ಆರೋಗ್ಯ ವಿಮೆದು ಅಂದ್ರು.”

“ಅದೂ ಇತ್ತು. ಮೇಲ್ಗಡೆ.”

ರಿಸೀವರನ್ನು ಅವನು ಮೆಲ್ಲಗೆ ಇಟ್ಟ. ಜೇಬು ಸುಮ್ಮನಾಯಿತು.

“ಎಷ್ಟು ಜನ ಹೀಗೆ?”

“ಮಾರಿದ್ದು ಸಾವಿರದ ನೂರ ಆರು. ಹೊರಗಿನವರು ಎಂಬತ್ತೊಂದು.” ಮೇಡಂ ಹೆಣಿಗೆ ಕೈಗೆತ್ತಿಕೊಂಡರು. “ನನ್ನ ಹೆಸರಲ್ಲಿ ಎರಡಿದೆ. ನಮ್ಮತ್ತೆ ಹೆಸರಲ್ಲೊಂದು. ಅವರಿಗೆ ಕಣ್ಣೇ ಕಾಣಲ್ಲ. ಬಹಳ ತೃಪ್ತಿಯಾಗಿದೆ ಅಂತ ಬರೆದಿದಾರೆ.”

“ನಾನೇನು ಬರೆದಿದೀನಿ?”

ಅವರು ಪರದೆ ನೋಡಿ ಓದಿದರು. “‘ಬದುಕಿಗೆ ಒಂದು ದಿಕ್ಕು ಸಿಕ್ಕಂತಾಗಿದೆ.’”

ಅವನಿಗೆ ನಾಚಿಕೆಯಾಯಿತು. ಸುಳ್ಳಿಗಲ್ಲ, ವಾಕ್ಯ ಅಷ್ಟು ಸಪ್ಪೆಯಾಗಿದ್ದುದಕ್ಕೆ. ತಾನಾಗಿದ್ದರೆ ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದೆ ಎಂದುಕೊಂಡ. ಆಮೇಲೆ, ಎರಡು ಕೋಣೆಯ ಮನೆ, ಬಸ್ಸು, ಮಾಡದ ನಿರ್ಧಾರಗಳು ಒಂದೊಂದಾಗಿ ನೆನಪಾದವು. ಚಪ್ಪಾಳೆಯೂ.

“ಪುಟ್ಟಿ?” ಎಂದ. “ಪುಟ್ಟಿ ಯಾಕೆ ಬೀಳ್ತಿದೆ?”

“ಬೀಳ್ತಿದೆ ಅಂತ ಯಾರು ಹೇಳಿದ್ದು? ಕಾಯ್ತಿರೋರು ಒಂಬೈನೂರು ಜನ. ತಗಡೆಲ್ಲ ಆನೆ ಹೊಟ್ಟೆಗೆ ಹೋಗ್ತಿದೆ. ಕಾರಿದ್ರೆ ತಾನೆ ಮಾರೋದು?” ಅವರು ಹೆಣಿಗೆಯ ಕುಣಿಕೆ ಎಣಿಸಿದರು. “ನಿಮಗೆ ಗೊತ್ತಿರ್ಲಿಲ್ವಾ? ಕಾರಣ ಬರೆಯೋರು ನೀವೇ ಅಲ್ವಾ?”

ಮ್ಯಾನೇಜರು ಅವನ ಮಾತನ್ನು ಪೂರಾ ಕೇಳಿದರು. ಕೇಳುತ್ತ ಮೇಜಿನ ಮೇಲಿದ್ದ ಆನೆಯ ಪುಟ್ಟ ಆಟಿಕೆಯನ್ನು ಹಿಂದೆ ಮುಂದೆ ಓಡಿಸಿದರು.

“ಆನೆ ಇನ್ನೂ ಕೂಸು ರೀ. ನಡೆಯೋದು ಕಲಿಯೋವರೆಗೆ ನಾವು ಕೈ ಹಿಡೀತಿದೀವಿ. ಅಷ್ಟೆ.”

“ಅದಕ್ಕೆ ಪುಟ್ಟಿ ಲೈನು ಮುಚ್ಚೋದಾ ಸಾರ್?”

“ಮುಚ್ಚೋದು ಅಂತ ಯಾರಂದ್ರು? ಮಾರುಕಟ್ಟೆ ತೀರ್ಮಾನ ಮಾಡತ್ತೆ.”

“ಮಾರುಕಟ್ಟೆ ಅಂದ್ರೆ ನಾನೇ ಇದೀನಿ ಸಾರ್. ಇನ್ನೂರ ಹನ್ನೆರಡು.”

ಮ್ಯಾನೇಜರು ನಕ್ಕರು. ಒಳ್ಳೆಯ ನಗೆ; ಹಲ್ಲೆಲ್ಲ ಕಾಣುವಂಥದು. “ಅಭಿನಂದನೆ. ನಾನು ಹದಿನೇಳು.” ಆಮೇಲೆ ಎದ್ದು ಬಂದು ಅವನ ಅಂಗಿಯ ಗುಂಡಿ ಮುಟ್ಟಿದರು. “ನಿಮ್ಮಣ್ಣ ಪುಟ್ಟಿಯಲ್ಲಿದಾರಲ್ವಾ? ಬೇಜಾರು. ನೀವು ಈಗ ಇದನ್ನ ಬರೆದ್ರೆ ಡೈರೆಕ್ಟರ್‌ಗಳು ಏನು ಕೇಳ್ತಾರೆ ಗೊತ್ತಾ? ಸಹಿ ಯಾರದು ಅಂತ ಕೇಳ್ತಾರೆ. ಸಹಿ ನಿಮ್ಮದು. ಹೋದ ತಿಂಗಳ ಆ ಚಂದದ ವಾಕ್ಯಗಳೂ ನಿಮ್ಮವು. ತಾನೇ ಕೊಂಡು ತಾನೇ ಹೊಗಳಿಕೊಂಡ ಅಂತಾರೆ. ಅಣ್ಣನಿಗಾಗಿ ಈಗ ಉಲ್ಟಾ ಹೊಡೆದ ಅಂತಾರೆ.” ಗುಂಡಿಯನ್ನು ಬಿಟ್ಟರು. “ಆರು ಗಂಟೆ. ಫೋನಲ್ಲೇ ಕಳಿಸಿದ್ರೂ ಸಾಕು.”

ಮಧ್ಯಾಹ್ನ ಮೂರಕ್ಕೆ ಅವನು ಯಾರಿಗೂ ಹೇಳದೆ ಬಸ್ಸು ಹತ್ತಿದ. ತನ್ನ ಕಾರು ನೋಡಲು ಬಸ್ಸಿನಲ್ಲಿ ಹೋಗುತ್ತಿದ್ದೇನೆ ಎಂಬುದು ಮೂರನೆಯ ನಿಲ್ದಾಣದಲ್ಲಿ ಹೊಳೆದು, ಪಕ್ಕದಲ್ಲಿ ಕೂತವರು ತಿರುಗಿ ನೋಡುವಂತೆ ನಕ್ಕ.

ಊರಾಚೆ, ಬಸ್ಸು ತಿರುಗುವ ಜಾಗದಿಂದ ಮುಂದೆ, ತಂತಿ ಬೇಲಿ ಹಾಕಿದ ಬಯಲು. ಬಯಲ ತುಂಬ ಆನೆಗಳು. ಒಂದರ ಬಾಲದ ಹಿಂದೆ ಇನ್ನೊಂದರ ಮೂಗು ಬರುವಂತೆ ಸಾಲುಸಾಲಾಗಿ ನಿಂತು, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಧೂಳು ಎಷ್ಟು ಕೂತಿತ್ತೆಂದರೆ ಕಪ್ಪು, ಬಿಳಿ, ಕೆಂಪು ಎಲ್ಲ ಒಂದೇ ಬಣ್ಣ. ಬಣ್ಣದ ಆಯ್ಕೆಯ ಬಗ್ಗೆ ಎರಡು ತಿಂಗಳ ಹಿಂದೆ ಅವನು ಮೂರು ಪುಟ ಬರೆದಿದ್ದ.

ಗೇಟಿನ ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ತಲೆಯೆತ್ತದೆ ಕೇಳಿದ. “ನಂಬರ್?”

“ಇನ್ನೂರ ಹನ್ನೆರಡು.”

ಗೋಡೆಯ ತಂತಿಗೆ ಪೋಣಿಸಿದ್ದ ಬೀಗದ ಕೈಗಳಲ್ಲಿ ಒಂದನ್ನು ಬಿಡಿಸಿ ಕೊಟ್ಟ. “ನಾಲ್ಕನೇ ಸಾಲು. ಬ್ಯಾಟರಿ ಬಿಚ್ಚಿಟ್ಟಿದೀವಿ, ಹಾರನ್ ಒತ್ತಿ ಸುಮ್ನೆ ಬೇಜಾರು ಮಾಡ್ಕೋಬೇಡಿ. ಒಬ್ರೇ ಬಂದ್ರಾ?”

“ಯಾಕೆ, ಬೇರೆಯವರೂ ಬರ್ತಾರಾ?”

“ಭಾನುವಾರ ಬಂದು ನೋಡಿ ಸಾರ್. ಹೆಂಡ್ತಿ ಮಕ್ಕಳು, ಊಟದ ಡಬ್ಬಿ, ಎಲ್ಲ. ಕೂತ್ಕೋತಾರೆ, ತಿಂತಾರೆ, ಬಾಗಿಲು ಹಾಕಿ ಕೀ ಕೊಟ್ಟು ಹೋಗ್ತಾರೆ. ಮೊನ್ನೆ ಗಂಡ ಹೆಂಡ್ತಿ ಒಳಗೆ ಕೂತು ಜಗಳ ಆಡಿದ್ರು, ಅರ್ಧ ಗಂಟೆ. ಒಂದು ಮಾತು ಹೊರಗೆ ಕೇಳಿಸ್ಲಿಲ್ಲ.” ಉಗುರನ್ನು ಊದಿದ. “ಒಳ್ಳೆ ಕಾರು.”

“ಹೀಗೇ ನಿಂತಿದ್ರೆ ಹಾಳಾಗಲ್ವಾ?”

“ಟೈರು ಒಂದು ಕಡೆ ಚಪ್ಪಟೆ ಆಗತ್ತೆ. ಅದಕ್ಕೇ ಒಂದು ವಾರ ಅರ್ಧ ಚಕ್ರ ಮುಂದೆ ತಳ್ಳಿಸ್ತೀವಿ, ಇನ್ನೊಂದು ವಾರ ಅರ್ಧ ಚಕ್ರ ಹಿಂದೆ. ಸಣ್ಣ ಕಾರಿನ ಲೈನಲ್ಲಿ ತಗಡಿಲ್ಲದೆ ಕೆಲಸ ನಿಂತಾಗ ಅಲ್ಲಿಯವರನ್ನ ಕಳಿಸ್ತಾರೆ. ಪಾಪ, ಒಳ್ಳೆ ಜನ. ಇವತ್ತೂ ಬಂದಿದಾರೆ, ಆ ತುದಿಯಿಂದ ಶುರು ಮಾಡಿದಾರೆ.”

ನಾಲ್ಕನೆಯ ಸಾಲಿನಲ್ಲಿ ತನ್ನ ಕಾರನ್ನು ಅವನು ಗುರುತು ಹಿಡಿಯಲಿಲ್ಲ. ಗಾಜಿಗೆ ಅಂಟಿಸಿದ ಚೀಟಿ ಓದಬೇಕಾಯಿತು. ಬಾಗಿಲು ಎಳೆದಾಗ ಅದು ದೊಡ್ಡ ಮನೆಯ ಬಾಗಿಲಿನಂತೆ ಸದ್ದಿಲ್ಲದೆ ತೆರೆಯಿತು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಅವನ ಕೆಳಗೆ ಕಿರುಗುಟ್ಟಿತು. ಬಾಗಿಲು ಹಾಕಿಕೊಂಡ. ಬಯಲು, ಗಾಳಿ, ದೂರದ ರಸ್ತೆ ಎಲ್ಲ ಒಟ್ಟಿಗೆ ನಿಂತುಹೋದವು. ಅಂಗಾಲಿಗೆ ಮೂರು ಪೆಡಲುಗಳು ಸಿಕ್ಕವು. ಯಾವುದು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಐದೂವರೆ ದಾಟಿತ್ತು. ಫೋನ್ ತೆಗೆದು ವರದಿಯ ಚೌಕ ತೆರೆದ. ಬೆರಳು ತಡವರಿಸಲಿಲ್ಲ.

‘ಆನೆ: ಏರಿಕೆ. ಕೊಂಡವರು ನಾವೇ. ನಾನು ಇನ್ನೂರ ಹನ್ನೆರಡನೆಯವನು.’

‘ಪುಟ್ಟಿ: ಇಳಿಕೆ. ಬೇಕೆಂದವರಿಗೆ ನಾವು ಮಾಡಿಕೊಡಲಿಲ್ಲ.’

ಓದಿ ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಾರಣ ಚೌಕದೊಳಗೆ ಹಿಡಿಸಿ ಜಾಗವೂ ಉಳಿದಿತ್ತು. ಇನ್ನು ಹೆಬ್ಬೆರಳು ಒಂದು ಕಡೆ ಒತ್ತಿದರೆ ಆಯಿತು. ವಾಕ್ಯಗಳಲ್ಲಿ ಏನೋ ಕೊರತೆ ಕಂಡಿತು. ‘ನಾವೇ’ ಎಂಬುದು ಸ್ವಲ್ಪ ಒರಟಾಯಿತೇ? ‘ಆಂತರಿಕ ಬೇಡಿಕೆ’ ಎಂದರೆ ಅದೇ ಅರ್ಥ ಬರುವುದಿಲ್ಲವೇ? ಅಣ್ಣನಿಗೂ ಅದು ಅರ್ಥವಾದೀತು, ಬಿಡಿಸಿ ಹೇಳಿದರೆ.

ಕಾರು ಅಲುಗಿತು.

ಕನ್ನಡಿಯಲ್ಲಿ, ಹಿಂದಿನ ಗಾಜಿನ ಧೂಳಿನಾಚೆ, ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ಮೂರು ನೀಲಿ ಅಂಗಿಗಳು. ಆರು ಅಂಗೈಗಳು ಕಾರಿನ ಬೆನ್ನಿಗೆ ಅಂಟಿದ್ದವು. ತಲೆಗಳು ತಗ್ಗಿದ್ದವು. ನಡುವಿನ ನೆತ್ತಿ ಬೋಳಾಗಿತ್ತು, ಅಣ್ಣನದಿರಬಹುದಾದಷ್ಟು, ಐವತ್ತು ದಾಟಿದ ಯಾರ ನೆತ್ತಿಯೂ ಆಗಬಹುದಾದಷ್ಟು.

ಇಳಿಯಬೇಕು ಅನ್ನಿಸಿತು. ಇಳಿದು ಹಿಂದೆ ಹೋಗಿ ಅವರ ಜತೆ ಅಂಗೈ ಹಚ್ಚಬಹುದಿತ್ತು. ಕೈ ಬಾಗಿಲ ಹಿಡಿಯವರೆಗೂ ಹೋಯಿತು. ಆಗ ನಡುವಿನ ತಲೆ ಮೇಲೇಳುವಂತೆ ಕಂಡು ಅವನು ಸೀಟಿನಲ್ಲಿ ಜಾರಿದ. ಮೊಣಕಾಲು ಮಡಿಸಿ, ಗಲ್ಲವನ್ನು ಎದೆಗೊತ್ತಿ, ಫೋನಿನ ಬೆಳಕನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಸ್ಟೀರಿಂಗಿನ ಕೆಳಗೆ ಹಿಡಿಸುವಷ್ಟು ಚಿಕ್ಕದಾದ.

ದಪ್ಪ ಗಾಜಿನೊಳಗೆ ಮಾತು ನೀರಿನಡಿಯಿಂದ ಬಂದಂತೆ ಬಂತು.

“ಒಳಗೆ ಯಾರೋ ಇದ್ದ ಹಾಗಿತ್ತಲ್ಲ?”

ಯಾರೋ ಬಗ್ಗಿ ಪಕ್ಕದ ಗಾಜಿನ ಧೂಳನ್ನು ತೋಳಿನಿಂದ ಒರೆಸಿದರು. ದುಂಡಗೆ ಒಂದಿಷ್ಟು ಬೆಳಕು ಅವನ ಭುಜದ ಮೇಲೆ ಬಿದ್ದು, ಒಂದು ಗಳಿಗೆ ನಿಂತು, ಹೋಯಿತು.

“ಯಾರೂ ಇಲ್ಲ,” ಎಂದಿತು ಒಂದು ದನಿ, ಬಹಳ ಹತ್ತಿರದಿಂದ. “ತಳ್ಳಿ.”

ಮತ್ತೆ ಅಂಗೈಗಳ ಸದ್ದು. ಕಾರು ಅವನನ್ನು ಹೊತ್ತುಕೊಂಡು ಮುಂದೆ ಹೋಯಿತು, ಅರ್ಧ ಚಕ್ರದಷ್ಟು, ನಿಂತಿತು. ಹೆಜ್ಜೆಗಳು ಮುಂದಿನ ಕಾರಿನತ್ತ ನಡೆದವು.